ರಾಜನಿಗೆ ಸೊನ್ನೆ, ಗುಲಾಮನಿಗೆ ಮೂರು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂಚಿಕೆಯಲ್ಲಿ ಷೇರು ಬಂಡವಾಳ, ಬೆಳೆ ಸಾಲ, ಗೊಬ್ಬರದ ದಾಸ್ತಾನು ಇವುಗಳ ವಿವರ ಬೇರೆ ಪುಟಗಳಲ್ಲಿ ಬಂದೇ ಬಂದಿದೆ. ನಮ್ಮ ಪಾಲಿಗೆ ಬಂದದ್ದು ಊರಿನ ಹಳೆಯ ಆಟಗಳ ಬಗ್ಗೆ ನಾಲ್ಕು ಮಾತು ಬರೆಯುವ ಕೆಲಸ. ಕುಸ್ತಿ, ಕಬಡ್ಡಿ, ಬಯಲಾಟಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾವು ಇಸ್ಪೀಟನ್ನು ಆರಿಸಿಕೊಂಡೆವು. ಸಭೆಯಲ್ಲಿ ಹಿರಿಯರೊಬ್ಬರು "ಸಂಘದ ಪುಸ್ತಕದಾಗ ಇಸ್ಪೀಟೇನ್ರೀ? ಮಂದಿ ಏನಂದಾರು?" ಅಂತ ಕೇಳಿದರು. ಎದುರಿನವನ ಮುಖ ನೋಡಿಯೇ ಅವನ ಕೈಯಲ್ಲಿರುವ ಎಲೆ ಹೇಳುವಷ್ಟು ನುರಿತ ಆಟಗಾರರು ಅವರೇ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಗು ಬಂತು, ವಿಷಯ ಪಾಸಾಯಿತು.

ಒಂದು ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ಇಸ್ಪೀಟು ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಅಂದರ್-ಬಾಹರ್. ಅದರಲ್ಲಿ ಬುದ್ಧಿಗೆ ಕೆಲಸವಿಲ್ಲ. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ದುಡ್ಡು ಹೋಯಿತೋ ಬಂತೋ, ಅಷ್ಟೇ. ನಾವು ಬರೆಯಹೊರಟದ್ದು ಅದರ ಬಗ್ಗೆ ಅಲ್ಲ. ಒಬ್ಬೊಬ್ಬರೂ ಒಂದೊಂದು ಎಲೆ ಹಾಕಿ, ದೊಡ್ಡ ಎಲೆ ಹಾಕಿದವರು ಆ ಸುತ್ತನ್ನು ಎತ್ತಿಕೊಳ್ಳುವ ಆಟಗಳೇ ಬೇರೆ. ನಮ್ಮ ಕಡೆ ಅವುಗಳಲ್ಲಿ ಮುಖ್ಯವಾದದ್ದು ಇಪ್ಪತ್ತೆಂಟು.

ಈ ಜಾತಿಯ ಆಟ ನಮ್ಮ ದೇಶಕ್ಕೆ ಇಂಗ್ಲಿಷರ ಜೊತೆ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೊಗಲ್ ಬಾದಶಹ ಬಾಬರ್ ತನ್ನ ದಿನಚರಿಯಲ್ಲಿ 1527ರಲ್ಲಿ ಸಿಂಧ್ ಕಡೆಯ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟದ್ದನ್ನು ಬರೆದಿಟ್ಟಿದ್ದಾನೆ. ಆ ಹೊತ್ತಿಗೆ ನಮ್ಮ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಅಕ್ಬರನ ಕಾಲದ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ಬಣ್ಣದ, 144 ಎಲೆಗಳ ಗಂಜೀಫಾವನ್ನು ವಿವರಿಸಿದ್ದಾನೆ. ಮುಂದೆ ಹೆಚ್ಚು ಬಳಕೆಯಲ್ಲಿ ಉಳಿದದ್ದು ಎಂಟು ಬಣ್ಣದ, 96 ಎಲೆಗಳ ಕಟ್ಟು. ಎಲೆಗಳು ನಮ್ಮ ಈಗಿನ ಎಲೆಗಳ ಹಾಗೆ ಚೌಕವಲ್ಲ, ದುಂಡಗೆ ಬಿಲ್ಲೆಯ ಹಾಗೆ. ಶ್ರೀಮಂತರಿಗೆ ದಂತದವು, ಉಳಿದವರಿಗೆ ಬಟ್ಟೆ-ಕಾಗದ ಅಂಟಿಸಿ ಬಣ್ಣ ಬಳಿದವು.

ಗಂಜೀಫಾ ಆಡುವ ಕ್ರಮ ಸ್ವಲ್ಪ ಹೇಳಬೇಕು. ಆಡುವವರು ಮೂವರು, ಒಬ್ಬೊಬ್ಬರಿಗೆ 32 ಎಲೆ. ಜೋಡಿ ಇಲ್ಲ, ತುರುಪೂ ಇಲ್ಲ. ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಆಮೇಲೆ ಒಂದರಿಂದ ಹತ್ತರವರೆಗಿನ ಎಲೆಗಳು. ನಾಲ್ಕು ಬಣ್ಣಗಳಲ್ಲಿ ಹತ್ತು ದೊಡ್ಡದು, ಎಕ್ಕ ಸಣ್ಣದು. ಇನ್ನು ನಾಲ್ಕರಲ್ಲಿ ತಲೆಕೆಳಗು, ಎಕ್ಕವೇ ದೊಡ್ಡದು, ಹತ್ತು ಕೊನೆ. ಹಗಲು ಆಡಿದರೆ ಕೆಂಪು ಬಣ್ಣದ ರಾಜ ಇದ್ದವನು ಮೊದಲು ಇಳಿಯಬೇಕು, ರಾತ್ರಿ ಆಡಿದರೆ ಬಿಳಿಯ ರಾಜ ಇದ್ದವನು. ಸೂರ್ಯನಿಗೊಂದು, ಚಂದ್ರನಿಗೊಂದು ಮರ್ಯಾದೆ ಅನ್ನಿ. ನಮ್ಮ ಹಿಂದೂ ಕಟ್ಟಿನಲ್ಲಿ ಬಣ್ಣಗಳ ಜಾಗದಲ್ಲಿ ದಶಾವತಾರ ಬಂತು. ಹತ್ತು ಅವತಾರ, ಹನ್ನೆರಡು ಹನ್ನೆರಡು ಎಲೆ, ಒಟ್ಟು 120. ಅಲ್ಲಿ ಹಗಲಿಗೆ ರಾಮ, ರಾತ್ರಿಗೆ ಕೃಷ್ಣ. ಯಾವ ಎಲೆ ಬಿದ್ದಿದೆ, ಯಾವುದು ಉಳಿದಿದೆ ಅನ್ನುವ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. 120 ಎಲೆಯ ಲೆಕ್ಕ ಇಟ್ಟವನಿಗೆ ನಮ್ಮ ಸಂಘದ ಖಾತೆ ಪುಸ್ತಕ ಯಾವ ಲೆಕ್ಕ!

ಕನ್ನಡ ನಾಡಿನಲ್ಲಿ ಈ ಆಟವನ್ನು ತಲೆಗೆ ಹಚ್ಚಿಕೊಂಡವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅವರು 1868ರವರೆಗೆ ಬದುಕಿದ್ದರು. ರಾಜ್ಯಭಾರವಿಲ್ಲದ ರಾಜನಿಗೆ ಬಿಡುವು ಬೇಕಾದಷ್ಟು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಕ್ರಮಗಳನ್ನು ಕಟ್ಟಿದರು, ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನು ಹೂಡಿದರು. ಇವನ್ನು 'ಚದ' ಅನ್ನುತ್ತಾರೆ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರ ಇದೆ. ಒಂದು ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಆಸ್ಥಾನದ ಎಲೆ. ಕೆಲವು ಆಟಗಳಿಗೆ ಹದಿನೆಂಟು ಬಣ್ಣ, ದೊಡ್ಡ ಕಟ್ಟಿಗೆ 360 ಎಲೆ! ಬರೆದ ಕುಂಚದ ಕೆಲಸ ನೋಡಲು ಎರಡು ಕಣ್ಣು ಸಾಲದು. ಆದರೆ ಆಟವಾಗಿ ಅದು ಅರಮನೆಯ ಹೊಸ್ತಿಲು ದಾಟಿದಂತೆ ಕಾಣುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಸಹಜವೇ. 360 ಎಲೆ ಹಂಚಿ ಮುಗಿಸುವುದರೊಳಗೆ ರೈತನ ಗದ್ದೆಯ ನೀರಿನ ಪಾಳಿ ಮುಗಿದುಹೋಗುತ್ತದೆ. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಕೊಂಡವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಹಂಪಿಯ ಮಂಟಪಗಳ ನೆಲಹಾಸು, ಬಂಡೆಗಳ ಮೇಲೆ ಕಣ್ಣಾಡಿಸಿದರೆ ಹುಲಿ-ಕುರಿಯ ಗೆರೆಗಳು, ಅಳಿಗುಳಿಯ ಕುಳಿಗಳು ಇಂದಿಗೂ ಕಾಣುತ್ತವೆ. ಕಾವಲಿನವರೋ, ಸಂತೆಗೆ ಬಂದವರೋ, ಕಲ್ಲುಕುಟಿಗರೋ ಹೊತ್ತು ಕಳೆಯಲು ಕೊರೆದುಕೊಂಡದ್ದು. ಆ ಆಟಗಳಿಗೆ ಕಲ್ಲು ಸಾಕ್ಷಿ. ಎಲೆಯ ಆಟಕ್ಕೆ ಕಲ್ಲಿನ ಸಾಕ್ಷಿ ಸಿಗುವುದಿಲ್ಲ, ಅದು ಟವೆಲು ಹಾಸಿ ಆಡಿ, ಟವೆಲು ಕೊಡವಿ ಏಳುವ ಆಟ. ಅದರ ಗುರುತು ಉಳಿದಿರುವುದು ಮಾತಿನಲ್ಲಿ. ನಾವು ಇಸ್ಪೀಟು ಅನ್ನುತ್ತೇವೆ, ನಾಲ್ಕು ಬಣ್ಣಗಳಲ್ಲಿ ಒಂದರ ಹೆಸರೇ ಇಡೀ ಆಟಕ್ಕೆ ಹೆಸರಾಗಿದೆ. ಕಂಪ್ಲಿ ಕಡೆಯ ಕ್ಯಾಂಪುಗಳಲ್ಲಿ ತೆಲುಗರು ಪೇಕಾಟ ಅನ್ನುತ್ತಾರೆ. ಸಂಡೂರು ಘೋರ್ಪಡೆ ಮನೆತನದ ಮರಾಠಾ ಸಂಸ್ಥಾನವಾಗಿದ್ದ ಊರು, ಮರಾಠಿಯವರಿಗೆ ಇದು ಪತ್ತೆ. ಇನ್ನು ತುರುಪು ಅನ್ನುವ ಮಾತು ಡಚ್ಚರ 'ತ್ರೂಫ್'ನಿಂದ ಬಂತು ಎನ್ನುತ್ತಾರೆ ಭಾಷೆ ಬಲ್ಲವರು. ಈಗಲೂ ಚುನಾವಣೆ ಬಂತೆಂದರೆ ಪತ್ರಿಕೆಯವರಿಗೆ ತುರುಪಿನ ಎಲೆ ಇಲ್ಲದೆ ಸುದ್ದಿ ಬರೆಯಲು ಬರುವುದಿಲ್ಲ!

ಈ ಡಚ್ಚರ ಮಾತು ಮುಖ್ಯವಾದದ್ದು. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡ ಡಚ್ಚರು ಪಶ್ಚಿಮ ಕರಾವಳಿಯಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ಮಾಡಿದರು. ಅವರ ನಾಡಿನಲ್ಲಿ ಯಾಸ್ ಎಂಬ ಮನೆತನದ ಆಟಗಳಿವೆ. ಅವುಗಳಲ್ಲಿ ತುರುಪಿನ ಗುಲಾಮನೇ ಎಲ್ಲಕ್ಕಿಂತ ದೊಡ್ಡ ಎಲೆ, ಅವನ ಹಿಂದೆ ಒಂಬತ್ತು. ನಮ್ಮ ಇಪ್ಪತ್ತೆಂಟು ಅದೇ ಬಳ್ಳಿಯದು ಎಂದು ಆಟಗಳ ಚರಿತ್ರೆ ಬಲ್ಲವರು ಅಭಿಪ್ರಾಯಪಡುತ್ತಾರೆ. ಗುಲಾಮ ರಾಜನನ್ನು ಹೊಡೆಯುವ ಪದ್ಧತಿ ಅದಕ್ಕಿಂತಲೂ ಹಳೆಯದು. 1426ರಷ್ಟು ಹಿಂದೆಯೇ ಜರ್ಮನಿಯ ನೋರ್ಡ್ಲಿಂಗೆನ್ ಊರಿನ ದಾಖಲೆಯಲ್ಲಿ ಕಾರ್ನೋಫೆಲ್ ಎಂಬ ಆಟದ ಹೆಸರಿದೆ. ಅದರಲ್ಲಿ ಆರಿಸಿದ ಬಣ್ಣದ ಕಾಲಾಳು ರಾಜನನ್ನೂ ಮೀರಿಸುತ್ತಾನೆ. ಗಂಜೀಫಾದಲ್ಲಿ ಹೀಗೆ ಕನಸಿನಲ್ಲೂ ನಡೆಯದು. ಅಲ್ಲಿ ಯಾವ ಬಣ್ಣದಲ್ಲೂ ರಾಜನೇ ರಾಜ. 'ಗುಲಾಮ' ಅನ್ನುವುದು ಅಲ್ಲಿ ಒಂದು ಬಣ್ಣದ ಹೆಸರು ಮಾತ್ರ. ಆ ಬಣ್ಣಕ್ಕೂ ಮೇಲೊಬ್ಬ ರಾಜ ಕೂತಿದ್ದಾನೆ.

ಇಪ್ಪತ್ತೆಂಟು ಗೊತ್ತಿಲ್ಲದ ಎಳೆಯರಿಗಾಗಿ ಬರೆಯುತ್ತೇವೆ. ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ ಉಳಿಯುವುದು 32. ಆಡುವವರು ನಾಲ್ವರು, ಎದುರು-ಬದುರು ಕೂತವರು ಜೋಡಿ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಒಂದು ಬಣ್ಣಕ್ಕೆ ಏಳಾಯಿತು, ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ರಾಜ, ರಾಣಿ, ಎಂಟು, ಏಳು ಇವಕ್ಕೆ ಸೊನ್ನೆ. ಮೊದಲು ನಾಲ್ಕು ನಾಲ್ಕು ಎಲೆ ಹಂಚುತ್ತಾರೆ. ಅಷ್ಟನ್ನೇ ನೋಡಿ ಹದಿನಾಲ್ಕರಿಂದ ಸವಾಲು ಏರಿಸಬೇಕು. ಹೆಚ್ಚು ಕೂಗಿದವನು ತನ್ನ ಕೈಯಿಂದ ಒಂದು ಎಲೆಯನ್ನು ಮಗುಚಿ ಇಡುತ್ತಾನೆ. ಅದೇ ತುರುಪು, ಅವನೊಬ್ಬನಿಗೇ ಗೊತ್ತು. ಆಮೇಲೆ ಇನ್ನು ನಾಲ್ಕು ಎಲೆ. ಬಿದ್ದ ಬಣ್ಣ ಕೈಯಲ್ಲಿಲ್ಲದವನು "ತುರುಪು ತೋರ್ಸು" ಅಂದಾಗ ಮಾತ್ರ ಅದು ಬಯಲಾಗುತ್ತದೆ. ತುರುಪಿನ ರಾಜ-ರಾಣಿ ಇಬ್ಬರೂ ಒಬ್ಬನ ಕೈಯಲ್ಲೇ ಇದ್ದರೆ ಕೂಗಿದ ಲೆಕ್ಕದಲ್ಲಿ ನಾಲ್ಕು ಹೆಚ್ಚು-ಕಡಿಮೆ ಮಾಡುವ ಪದ್ಧತಿಯೂ ಕೆಲವು ಕಡೆ ಇದೆ. ಅಂದರೆ ರಾಜನಿಗೆ ಬೆಲೆ ಬರುವುದು ಹೆಂಡತಿ ಜೊತೆಗಿದ್ದಾಗ ಮಾತ್ರ! ಈ ಮಾತು ಬಂದಾಗ ಆಟದಲ್ಲಿ ನಗದವರು ಯಾರು?

ಇದು ಜೋಡಿಯ ಆಟ. ಎದುರಿಗೆ ಕೂತವನು ಯಾಕೆ ಆ ಎಲೆ ಹಾಕಿದ ಅಂತ ತಿಳಿಯದಿದ್ದರೆ ಗುಲಾಮ ನಾಲ್ಕೂ ಬಂದರೂ ಸೋಲಬಹುದು. ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಕಣ್ಸನ್ನೆಯಂತೂ ದೊಡ್ಡ ತಪ್ಪು. ಸೋತ ಮೇಲಿನ ಜಗಳ ಮಾತ್ರ ಊರಿಗೆಲ್ಲ ಕೇಳಿಸುತ್ತದೆ. "ಒಂಬತ್ತು ಇಟ್ಕೊಂಡು ಏಳು ಯಾಕ ಹಾಕಿದಿ?" ಅನ್ನುವ ಒಂದು ಮಾತಿಗೆ ಎಂಟು ದಿನ ಮುಖ ತಿರುಗಿಸಿದ ಭಾವ-ಮೈದುನರನ್ನು ನಾವು ಕಂಡಿದ್ದೇವೆ. ಒಂಬತ್ತನೆಯ ದಿನ ಮತ್ತೆ ಅವರೇ ಜೋಡಿ.

1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, 1953ರಲ್ಲಿ ಕೆಲಸ ಒಂದು ಹಂತಕ್ಕೆ ಬಂತು. ಆ ವರ್ಷಗಳಲ್ಲಿ ಹೊಸಪೇಟೆಯ ಪಕ್ಕದ ಕ್ಯಾಂಪಿನಲ್ಲಿ ಹಲವು ಭಾಷೆಗಳ ಕೂಲಿಯವರು, ಮೇಸ್ತ್ರಿಗಳು ಒಂದೇ ಕಡೆ ನೆಲೆಸಿದ್ದರು. ಎಲೆಗೆ ಭಾಷೆ ಬೇಡ. ಅಂಕಿ ಬಂದರೆ ಸಾಕು. ಅತ್ತ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತಾ ಕಾಲುವೆಗಳ ದಂಡೆಯಲ್ಲಿ ರಾತ್ರಿ ನೀರಿನ ಪಾಳಿಗೆ ಕಾಯುವ ರೈತರಿಗೂ, ಆಲೆಮನೆಯ ಕೊಪ್ಪರಿಗೆ ಮುಂದೆ ನಿದ್ದೆಗೆಟ್ಟವರಿಗೂ ಲಾಟೀನಿನ ಬೆಳಕು, ಒಂದು ಹಳೆಯ ಕಟ್ಟು ಇದ್ದರೆ ಬೆಳಗಾದದ್ದು ತಿಳಿಯುತ್ತಿರಲಿಲ್ಲ. ಲೆಕ್ಕಕ್ಕೆ ಹುಣಸೆ ಬೀಜ.

ಒಂದು ಸತ್ಯವನ್ನು ಮುಚ್ಚಿಡುವುದು ಬೇಡ. ಎಲೆಯಲ್ಲಿ ಗುಲಾಮ ರಾಜನನ್ನು ಹೊಡೆಯುತ್ತಿದ್ದ, ಆದರೆ ಊರ ಕಟ್ಟೆಯ ಮೇಲೆ ಎಲ್ಲರಿಗೂ ಕೂರುವ ಜಾಗ ಇರಲಿಲ್ಲ. ಕೆಲವರು ಕಟ್ಟೆಯ ಕೆಳಗೆ ನಿಂತು ನೋಡಿಯೇ ಆಟ ಕಲಿತವರು. ಅವರಲ್ಲಿ ಕೆಲವರು ಮೇಲೆ ಕೂತವರಿಗಿಂತ ಚೆನ್ನಾಗಿ ಆಡಬಲ್ಲವರಾಗಿದ್ದರು, ಅದು ಆಡುವವರಿಗೂ ಗೊತ್ತಿತ್ತು. ನಮ್ಮ ಸಂಘದ ಗೋದಾಮು ಎದ್ದ ಮೇಲೆ ಅದರ ಪಡಸಾಲೆ ಯಾರ ಮನೆಯದೂ ಅಲ್ಲ, ಯಾವ ಕೇರಿಯದೂ ಅಲ್ಲ. ಷೇರು ಪುಸ್ತಕ ಇದ್ದವರೆಲ್ಲ ಬರುವ ಜಾಗ. ಗೊಬ್ಬರದ ಲಾರಿಗೆ ಕಾಯುತ್ತ ಒಂದು ಮಧ್ಯಾಹ್ನ ನಾಲ್ಕನೆಯ ಕೈ ಕಡಿಮೆಯಾಯಿತು, ಚೀಲ ಇಳಿಸುವ ಹಮಾಲಿಯೊಬ್ಬರನ್ನು ಕರೆದರು. ಅವರು ಕೂತದ್ದು ಗೌಡರ ಎದುರಿಗೆ, ಗೌಡರ ಜೋಡಿಯಾಗಿ. "ಎಲಿ ಹಾಕ್ರಿ ಗೌಡ್ರ, ಎಷ್ಟೊತ್ತು ನೋಡ್ತೀರಿ?" ಅಂತ ಅವರು ಅಂದಾಗ ಅಲ್ಲಿದ್ದವರೆಲ್ಲ ಉಸಿರು ಹಿಡಿದರು. ಗೌಡರು ಎಲೆ ಹಾಕಿದರು. ಆ ದಿನದ ಆಟವನ್ನು ಗೆದ್ದದ್ದೂ ಅವರೇ. ಇದನ್ನು ಯಾವ ವಾರ್ಷಿಕ ವರದಿಯಲ್ಲೂ ಬರೆದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಇನ್ನು ಜೂಜಿನ ಮಾತು. ಯುಗಾದಿ, ದೀಪಾವಳಿಯಲ್ಲಿ ನಮ್ಮ ಕಡೆ ಎಲೆ ಹಿಡಿಯದ ಊರಿಲ್ಲ, ಹಬ್ಬದ ಹೆಸರಲ್ಲಿ ಹೊಲ ಬರೆದುಕೊಟ್ಟವರೂ ಇದ್ದಾರೆ. ಸಾಲ ಕೊಡುವ ಸಂಘದವರಾದ ನಮಗಿಂತ ಇದು ಯಾರಿಗೆ ಚೆನ್ನಾಗಿ ಗೊತ್ತು? ಕಾನೂನು ಹಿಂದಿನಿಂದಲೂ ಇದೆ. ಮದ್ರಾಸು ಪ್ರಾಂತದಲ್ಲಿದ್ದ ಕಾಲಕ್ಕೆ 1930ರ ಜೂಜು ಕಾಯ್ದೆ, ಮೈಸೂರಿಗೆ ಸೇರಿದ ಮೇಲೆ 1963ರ ಪೊಲೀಸ್ ಕಾಯ್ದೆ. ಸುಪ್ರೀಂ ಕೋರ್ಟು 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಮೂರೆಲೆಯ ಆಟ ಬರೀ ಅದೃಷ್ಟದ್ದು, ರಮ್ಮಿಗೆ ಮುಖ್ಯವಾಗಿ ಕೌಶಲ ಬೇಕು ಎಂದು ಬೇರ್ಪಡಿಸಿ ಹೇಳಿತು. ಬಿದ್ದ ಎಲೆಗಳ ನೆನಪಿನ ಮೇಲೆಯೇ ನಡೆಯುವ ಇಪ್ಪತ್ತೆಂಟನ್ನು ಯಾವ ಕಡೆ ಸೇರಿಸಬೇಕು ಎಂಬುದನ್ನು ಓದುಗರೇ ಹೇಳಲಿ. ಈಚಿನ ವರ್ಷಗಳಲ್ಲಿ ಮೊಬೈಲಿನ ರಮ್ಮಿ ಕಟ್ಟೆಯ ಜೂಜಿಗಿಂತ ಹೆಚ್ಚು ಮನೆ ತೊಳೆಯಿತು. ಕೂತವನು ಒಬ್ಬನೇ, ಎದುರಿಗಿರುವವನು ಯಾರೋ ತಿಳಿಯದು, ತಡೆಯುವ ಹಿರಿಯರೂ ಪಕ್ಕದಲ್ಲಿಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು.

2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅತ್ತ ಹೋಯಿತು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಆಟಕ್ಕೆ ಬರುವ ಬೀಗರು ಮಾತ್ರ ಜಿಲ್ಲೆ ಕೇಳುವುದಿಲ್ಲ. ಆದರೆ ಆಡುವವರ ಸಂಖ್ಯೆ ಇಳಿದಿದೆ. ಹುಡುಗರಿಗೆ ಬೇಸಿಗೆ ರಜೆಯಲ್ಲಿ ಕತ್ತೆ ಆಟ ಬರುತ್ತದೆ, ಅದರಿಂದ ಮುಂದಕ್ಕೆ ಕಲಿಸುವವರಿಲ್ಲ. ಭಾನುವಾರ ಮಧ್ಯಾಹ್ನ ಗೋದಾಮಿನ ಪಡಸಾಲೆಯಲ್ಲಿ ಈಗ ಸೇರುವವರು ಮೂವರು. ಮೂವರಿಗೆ ಇಪ್ಪತ್ತೆಂಟು ನಡೆಯುವುದಿಲ್ಲ, ಮೂರು-ಎರಡು-ಐದು ಆಡಿಕೊಂಡು ಕೂತಿರುತ್ತಾರೆ. ನಾಲ್ಕನೆಯವರು ಯಾರೇ ಬರಲಿ, ಹೆಣ್ಣುಮಕ್ಕಳಾದರೂ ಸರಿ, ಕಲಿಸಿಕೊಡಲು ಅವರು ಸಿದ್ಧರಿದ್ದಾರೆ.