ವಿದ್ಯಾರ್ಥಿ ಸ್ವಯಂಸೇವೆ ಮತ್ತು ಗ್ರಾಮೀಣ ಯುವಜನ: ಒಂದು ಚಾರಿತ್ರಿಕ ಅವಲೋಕನ

ಪ್ರಾಯದಲ್ಲಿ ತುಸು ಹಿರಿಯರಾದವರು ಕಿರಿಯರಿಗೆ ಕಲಿಸುವುದು ಗ್ರಾಮ ಸಮಾಜಕ್ಕೆ ಹೊಸದಲ್ಲ. ಆದರೆ ಕಾಲೇಜು ವಿದ್ಯಾರ್ಥಿಗಳು ಹಳ್ಳಿಯ ಯುವಜನರಿಗೆ ಮಾರ್ಗದರ್ಶಕರಾಗಬೇಕೆಂಬುದನ್ನು ಪ್ರಭುತ್ವವೇ ಒಂದು ಯೋಜನೆಯಾಗಿ ರೂಪಿಸಿದ್ದು ಸ್ವಾತಂತ್ರ್ಯೋತ್ತರ ಭಾರತದ ವಿದ್ಯಮಾನ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸಾಧನೆಯನ್ನು ಸಾಮಾನ್ಯವಾಗಿ ಶಿಬಿರಗಳ, ನೆಟ್ಟ ಸಸಿಗಳ, ತೆಗೆದ ಇಂಗುಗುಂಡಿಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಕಲಿಸುವವರು ಮತ್ತು ಕಲಿಯುವವರ ನಡುವೆ ಅದು ಕಟ್ಟಿದ ಸಂಬಂಧ ಎಂಥದು ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಯೋಜನೆಯ ಹಿಂದೆ ಎರಡು ದಶಕಗಳ ಚರ್ಚೆಯಿದೆ. ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ (1948-49) ವಿದ್ಯಾರ್ಥಿಗಳ ಸೇವೆ ಸ್ವಯಂಪ್ರೇರಿತವಾಗಿರಬೇಕೆಂಬ ನಿಲುವು ತಳೆಯಿತು. 1959ರಲ್ಲಿ ನೇಮಕಗೊಂಡ ಸಿ.ಡಿ. ದೇಶಮುಖ್ ಸಮಿತಿಯಾದರೋ ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬಯಸುವವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗಿನ ಸೇವೆಯನ್ನು ಕಡ್ಡಾಯಗೊಳಿಸಲು ಶಿಫಾರಸು ಮಾಡಿತು. ಹಣಕಾಸಿನ ಹೊರೆ ಮತ್ತು ಅನುಷ್ಠಾನದ ತೊಡಕುಗಳಿಂದಾಗಿ ಅದು ಜಾರಿಗೆ ಬರಲಿಲ್ಲ. ಕೆ.ಜಿ. ಸೈಯದೈನ್ ಅವರ ಅಧ್ಯಯನ ವರದಿ ಮತ್ತೆ ಸ್ವಯಂಪ್ರೇರಣೆಯ ಕಡೆಗೇ ವಾಲಿತು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಯೋಜನೆಗೆ ಚಾಲನೆ ನೀಡಿದರು. ಅವರು ಆಗ ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿಯಾಗಿದ್ದರು ಎಂಬುದು ಕನ್ನಡ ನಾಡಿನ ಮಟ್ಟಿಗೆ ಸ್ಮರಣೀಯ. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ.

ಈ ಧ್ಯೇಯವಾಕ್ಯದಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಮೊದಲೇ ನಿಶ್ಚಿತವಾಗಿದೆ. ಮೌಖಿಕ ಪರಂಪರೆಯ ಕಲಿಕೆಯ ಕ್ರಮ ಇದಕ್ಕಿಂತ ಭಿನ್ನವಾದುದು. ಗರಡಿಮನೆಯಲ್ಲಿ ಪಳಗಿದ ಪೈಲ್ವಾನ ಹೊಸಬನಿಗೆ ಪಟ್ಟು ಹೇಳಿಕೊಡುವಾಗ ತಾನೂ ಅಖಾಡಕ್ಕೆ ಇಳಿಯುತ್ತಾನೆ. ಮೂಡಲಪಾಯದ ಭಾಗವತ ಊರ ಹುಡುಗರಿಗೆ ತಿಂಗಳುಗಟ್ಟಲೆ ಕುಣಿತ, ಮಾತು, ಹಾಡುಗಳನ್ನು ಕಲಿಸುತ್ತಾನೆ. ಕಲಿತದ್ದಕ್ಕೆ ಊರೇ ಸಾಕ್ಷಿ, ಊರೇ ಪರೀಕ್ಷಕ. ಸೋಬಾನೆಯ ಹಾಡುಗಾರ್ತಿ ಎತ್ತಿಕೊಟ್ಟ ಸಾಲನ್ನು ಹಿಂದೆ ನಿಂತ ಹೆಣ್ಣುಮಕ್ಕಳು ಹಿಡಿಯುತ್ತ ಹಿಡಿಯುತ್ತ ಮುಂದೊಂದು ದಿನ ತಾವೇ ಮುಂದಾಳುಗಳಾಗುತ್ತಾರೆ. ಇಲ್ಲಿ ಕಲಿಕೆಗೆ ಅವಧಿಯ ಗಡುವಿಲ್ಲ. ಕಲಿಸಿದವರು ಊರು ಬಿಟ್ಟು ಹೋಗುವವರೂ ಅಲ್ಲ. ಆದರೆ ಈ ಪರಂಪರೆಯನ್ನು ಆದರ್ಶೀಕರಿಸುವುದೂ ಸಲ್ಲದು. ಗರಡಿ ಹೆಣ್ಣಿಗೆ ಮುಚ್ಚಿದ ಬಾಗಿಲಾಗಿತ್ತು. ಅನೇಕ ವಿದ್ಯೆಗಳು ಜಾತಿಯ ಗಡಿಯೊಳಗೇ ಉಳಿದಿದ್ದವು. ವಿದ್ಯಾರ್ಥಿ ಶಿಬಿರವು ತತ್ತ್ವತಃ ಈ ಗಡಿಗಳನ್ನು ಒಪ್ಪಲಿಲ್ಲ. ಹಲವು ಜಾತಿಗಳ ಶಿಬಿರಾರ್ಥಿಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ದೃಶ್ಯವೇ ಕೆಲವು ಊರುಗಳಿಗೆ ಭಾಷಣಕ್ಕಿಂತ ದೊಡ್ಡ ಪಾಠವಾಗಬಲ್ಲದ್ದಾಗಿತ್ತು.

ಎಲ್.ಜಿ. ಹಾವನೂರ ಆಯೋಗದ 1975ರ ವರದಿಯ ತರುವಾಯ ಕರ್ನಾಟಕದಲ್ಲಿ ಮೀಸಲಾತಿಯ ವ್ಯಾಪ್ತಿ ಹಿಗ್ಗಿತು. ಮನೆತನದಲ್ಲೇ ಮೊದಲ ಬಾರಿಗೆ ಅಕ್ಷರ ಕಂಡ ಯುವಕ ಯುವತಿಯರು ಹೆಚ್ಚಿನ ಸಂಖ್ಯೆಯಲ್ಲಿ ಕಾಲೇಜಿಗೆ ಬಂದರು. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಇಂಥ ವಿದ್ಯಾರ್ಥಿಗೆ ಹಳ್ಳಿ ‘ದತ್ತು ಗ್ರಾಮ’ವಲ್ಲ, ತಾನು ಬಿಟ್ಟುಬಂದ ಊರಿನಂಥದೇ ಇನ್ನೊಂದು ಊರು. ಊರ ಹುಡುಗರ ಬಾಯಲ್ಲಿ ‘ಸರ್’ ಎನಿಸಿಕೊಳ್ಳುವುದಕ್ಕೂ ‘ಅಣ್ಣ’, ‘ಅಕ್ಕ’ ಎನಿಸಿಕೊಳ್ಳುವುದಕ್ಕೂ ಇರುವ ಅಂತರ ಕೇವಲ ಸಂಬೋಧನೆಯದಲ್ಲ. ಮೊದಲನೆಯದು ಅಧಿಕಾರದ ಸಂಬಂಧ, ಎರಡನೆಯದು ಹೊಣೆಯ ಸಂಬಂಧ. ಶಿಬಿರದ ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮವೂ ಇಂಥ ಪಲ್ಲಟಕ್ಕೆ ಅವಕಾಶ ಮಾಡಿಕೊಡುತ್ತದೆ. ಊರಿನವರು ಕೋಲಾಟಕ್ಕೋ ತತ್ತ್ವಪದಕ್ಕೋ ನಿಂತಾಗ ಹಗಲು ಕಲಿಸಿದವರು ಕೇಳುವವರಾಗುತ್ತಾರೆ.

1986ರ ಮೇ 1ರಂದು ಆರಂಭವಾದ ಕ್ರಿಯಾತ್ಮಕ ಸಾಕ್ಷರತೆಯ ಸಾಮೂಹಿಕ ಕಾರ್ಯಕ್ರಮ ಈ ಸಂಬಂಧವನ್ನು ಇನ್ನಷ್ಟು ನೇರಗೊಳಿಸಿತು. ಒಬ್ಬ ವಿದ್ಯಾರ್ಥಿ ಒಬ್ಬ ಅನಕ್ಷರಸ್ಥರಿಗೆ ಕಲಿಸಬೇಕೆಂಬುದು ಅದರ ಸೂತ್ರ. 15ರಿಂದ 35ರ ವಯೋಮಾನದವರ ಮೇಲೆ ಅದರ ಗಮನ. ಸೂತ್ರ ಸರಳವಾಗಿದ್ದರೂ ಕಾಲೇಜಿನ ಪಂಚಾಂಗ ಬೇರೆ, ಹೊಲದ ಪಂಚಾಂಗ ಬೇರೆ. ವಿದ್ಯಾರ್ಥಿಗೆ ರಜೆ ಸಿಗುವಾಗ ಕಲಿಯುವವನಿಗೆ ಬಿಡುವಿಲ್ಲ. ಅವನಿಗೆ ಬಿಡುವಾದಾಗ ವಿದ್ಯಾರ್ಥಿಗೆ ಪರೀಕ್ಷೆ. 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಮುಂದೆ ಜಿಲ್ಲೆಯನ್ನೇ ಘಟಕವಾಗಿಸಿ ಆಂದೋಲನ ನಡೆಸಿದಾಗ, ಅದೇ ಊರಿನ ಓದಿದ ಹುಡುಗ ಹುಡುಗಿಯರನ್ನೇ ಸ್ವಯಂಸೇವಕರನ್ನಾಗಿ ಆರಿಸಿಕೊಂಡಿತು. ಕಲಾಜಾಥಾಗಳು ಜನಪದ ಮಟ್ಟುಗಳನ್ನೇ ಎತ್ತಿಕೊಂಡವು. ಮೌಖಿಕ ಪರಂಪರೆಯ ಕಲಿಕೆಯ ಕ್ರಮಕ್ಕೆ ಯೋಜನೆ ಹತ್ತಿರ ಬಂದದ್ದು ಇಲ್ಲಿಯೇ. ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ 1991ರಲ್ಲಿ ಶೇ. 56.04 ಇದ್ದದ್ದು 2001ರಲ್ಲಿ ಶೇ. 66.64ಕ್ಕೆ ಏರಿತು. ಶಾಲಾ ಶಿಕ್ಷಣದ ವಿಸ್ತರಣೆಯೂ ಇದರಲ್ಲಿ ಸೇರಿರುವುದರಿಂದ ಈ ಏರಿಕೆಯನ್ನು ಯಾವುದೇ ಒಂದು ಆಂದೋಲನದ ಲೆಕ್ಕಕ್ಕೆ ಬರೆಯಲಾಗದು.

ಸೇವಾ ಯೋಜನೆಯ ಸ್ವಯಂಸೇವಕರಿಗೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ನಿಗದಿಯಾಗಿದೆ. ಗಂಟೆಗಳನ್ನು ದಾಖಲೆ ಪುಸ್ತಕದಲ್ಲಿ ಎಣಿಸಬಹುದು. ವಿದ್ಯಾರ್ಥಿ ಪದವಿ ಪಡೆದು ಹೊರಟ ಮೇಲೆ ಊರಿನ ಕಿರಿಯನೊಬ್ಬ ಯಾರ ಬಳಿ ಹೋಗಬೇಕೆಂಬುದು ಅದರಲ್ಲಿ ದಾಖಲಾಗುವುದಿಲ್ಲ. ಭಾಗವತ ತನ್ನ ಮೇಳದಲ್ಲೇ ಇನ್ನೊಬ್ಬ ಭಾಗವತನನ್ನು ಬೆಳೆಸುವಂತೆ, ಹೊರಗಿನಿಂದ ಬಂದ ಮಾರ್ಗದರ್ಶಕ ಊರೊಳಗಿನ ಮಾರ್ಗದರ್ಶಕನನ್ನು ಬೆಳೆಸಿದಲ್ಲಿ ಮಾತ್ರ ಸೇವೆ ಪರಂಪರೆಯಾಗುತ್ತದೆ. ವಿದ್ಯಾರ್ಥಿ ಸ್ವಯಂಸೇವೆಯ ಚರಿತ್ರೆಯನ್ನು ಮುಂದೆ ಬರೆಯುವವರು ಶಿಬಿರಗಳ ಸಂಖ್ಯೆಯ ಜೊತೆಗೆ ಈ ಮುಂದುವರಿಕೆಯನ್ನೂ ಅಳತೆಗೋಲಾಗಿ ಇರಿಸಿಕೊಳ್ಳಬೇಕಾಗುತ್ತದೆ.