ಕಾರಿನ ಸ್ಟೀರಿಯೊ ತಾನೇ ದನಿ ಏರಿಸುವುದೇಕೆ? ನೂರು ವರ್ಷದ ಒಂದು ಕಥೆ

ನಮ್ಮೂರಲ್ಲಿ ಕಾಕಾ ಒಬ್ಬರು ಬಾಡಿಗೆ ಕಾರು ಓಡಿಸುತ್ತಾರೆ. ಮದುವೆ, ಕೋರ್ಟು, ದವಾಖಾನೆ, ಯಾವುದಕ್ಕೆ ಕರೆದರೂ ಬರುತ್ತಾರೆ. ಕಳೆದ ದೀಪಾವಳಿಗೆ ಹಳೇ ಸಿಡಿ ಸ್ಟೀರಿಯೊ ತೆಗೆಸಿ, ಟಚ್ ಸ್ಕ್ರೀನಿನ ಆಂಡ್ರಾಯ್ಡ್ ಸೆಟ್ ಹಾಕಿಸಿದರು. ನಾಲ್ಕು ದಿನಕ್ಕೆ ನನಗೆ ಫೋನ್ ಬಂತು.

"ತಮ್ಮಾ, ಇದಕ್ಕ ಏನೋ ಹೊಕ್ಕೊಂಡೈತಿ ನೋಡು. ಊರಾಗ ಸುಮ್ನ ಇರ್ತೈತಿ, ಹೈವೇ ಹತ್ತಿದ ಕೂಡ್ಲೇ ತಾನ ಒದರಾಕ ಹತ್ತತೈತಿ. ಬ್ರೇಕ್ ಹಾಕಿದ್ರ ಮತ್ತ ದನಿ ಇಳಸ್ತೈತಿ. ನಾ ಕೈ ಸೈತ ಹಚ್ಚಿಲ್ಲ."

ಹಿಂದಿನ ದಿನ ಹುಬ್ಬಳ್ಳಿಯಲ್ಲಿ ಆಪರೇಷನ್ ಆದ ಅಜ್ಜಿಯೊಬ್ಬರನ್ನು ಕರೆತರುವಾಗ ಹೀಗಾಗಿತ್ತು. ಸಣ್ಣಗೆ ಹಚ್ಚಿದ್ದ ಭಜನೆ ಹೈವೇಗೆ ಬಂದದ್ದೇ ಜೋರಾಗಿ, ಅಜ್ಜಿಯ ಮಗ ಬೈದಿದ್ದ. ಇನ್ನೊಮ್ಮೆ ಈ ಗಾಡಿ ಬೇಡ ಅಂದಿದ್ದ.

ಕಾಕಾ ನೇರ ಅಂಗಡಿಗೆ ಹೋಗಿ ಜಗಳ ತೆಗೆದರು. ಅಂಗಡಿ ಮಾಲೀಕರು ಸೆಟ್ ಕೂರಿಸಿದ ಹುಡುಗನ ಮೇಲೆ ಹಾಕಿದರು. ಸೆಟ್ ಕೆಟ್ಟಿದ್ದರೆ ಅದರ ದುಡ್ಡು ನಿನ್ನ ಪಗಾರದಲ್ಲಿ ಕಟ್ ಅಂದರು. ಕೆಲಸ ಕಲಿಯಲು ಬಂದ ಹುಡುಗ. ಮೂರು ತಿಂಗಳ ಪಗಾರ ಸೇರಿಸಿದರೂ ಆ ಸೆಟ್ಟಿನ ಬೆಲೆ ಆಗುವುದಿಲ್ಲ. ಅವನದು ಒಂದೇ ಮಾತು: "ಅಣ್ಣಾ, ನಾ ಸ್ಪೀಡ್ ವೈರ್ ಮುಟ್ಟೇ ಇಲ್ಲ. ಬೇಕಾದ್ರ ಬಿಚ್ಚಿ ತೋರಸ್ತೀನಿ."

ನಾನು ಮೆಕ್ಯಾನಿಕ್ ಅಲ್ಲ, ಸುದ್ದಿ ಬರೆಯುವವನು. ಆದರೆ ಒಬ್ಬನ ಪಗಾರ ಹೋಗುವ ಮಾತು ಬಂದಾಗ, ತಪ್ಪು ನಿಜಕ್ಕೂ ಯಾರದು ಎಂದು ಕೇಳುವುದೂ ನಮ್ಮ ಕೆಲಸವೇ. ಕೇಳುತ್ತಾ ಹೋದರೆ ಕಥೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಯಿತು.

ರೇಡಿಯೊ ಒಳಗಿನ ಕಾಣದ ಕೈ

ನಿಮ್ಮ ಮನೆಯ ಹಿರಿಯರನ್ನು ಕೇಳಿ. ರಾತ್ರಿ ಹೊತ್ತು ರೇಡಿಯೊದಲ್ಲಿ ದೂರದ ಸ್ಟೇಷನ್ ಹಿಡಿದರೆ ದನಿ ಒಮ್ಮೆ ತೇಲಿ ಬರುತ್ತಿತ್ತು, ಒಮ್ಮೆ ಮುಳುಗುತ್ತಿತ್ತು. ಮೀಡಿಯಂ ವೇವ್ ಅಲೆಗಳು ರಾತ್ರಿ ಆಕಾಶದ ಮೇಲಿನ ಪದರಕ್ಕೆ ಬಡಿದು ಹಿಂದಿರುಗುತ್ತವೆ. ಆ ಪದರ ಒಂದೇ ಸಮ ಇರುವುದಿಲ್ಲವಾದ್ದರಿಂದ ದನಿಯೂ ಒಂದೇ ಸಮ ಇರುವುದಿಲ್ಲ.

1920ರ ದಶಕದಲ್ಲಿ ಅಮೆರಿಕದಲ್ಲಿ ಈ ತೊಂದರೆ ಇನ್ನೂ ಜಾಸ್ತಿ ಇತ್ತು. ಹತ್ತಿರದ ಸ್ಟೇಷನ್ ಹಚ್ಚಿದರೆ ಕಿವಿ ಒಡೆಯುವಷ್ಟು ಜೋರು, ದೂರದ್ದಕ್ಕೆ ತಿರುಗಿಸಿದರೆ ಕೇಳಿಸದಷ್ಟು ಸಣ್ಣ. ಪ್ರತಿ ಸಲ ಗುಂಡಿ ತಿರುಗಿಸುತ್ತಲೇ ಇರಬೇಕು. ಹೆರಾಲ್ಡ್ ವೀಲರ್ ಎಂಬ ತರುಣ ಎಂಜಿನಿಯರ್ 1925-26ರ ಸುಮಾರಿಗೆ ಇದಕ್ಕೊಂದು ಉಪಾಯ ಹುಡುಕಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು ವಯಸ್ಸು.

ಉಪಾಯ ಸರಳ. ಬರುತ್ತಿರುವ ಸಿಗ್ನಲ್ ಎಷ್ಟು ಜೋರಿದೆ ಎಂದು ರೇಡಿಯೊ ತಾನೇ ಅಳೆಯಬೇಕು. ಜೋರಾದರೆ ತನ್ನ ಶಕ್ತಿ ತಗ್ಗಿಸಬೇಕು, ಸಣ್ಣಗಾದರೆ ಹೆಚ್ಚಿಸಬೇಕು. ಹೊಲಕ್ಕೆ ನೀರು ಬಿಡುವವರು ಕಾಲುವೆ ತುಂಬಿ ಬಂದಾಗ ತೂಬು ಅರ್ಧ ಮುಚ್ಚುತ್ತಾರೆ, ನೀರು ಸಣ್ಣಗಾದಾಗ ಪೂರ್ತಿ ತೆರೆಯುತ್ತಾರೆ, ಹಾಗೆ. 1929ರಲ್ಲಿ ಫಿಲ್ಕೊ ಕಂಪನಿಯ ಮಾಡೆಲ್ 95 ರೇಡಿಯೊದಲ್ಲಿ ಇದು ಬಂತು. ಆಮೇಲೆ ಬಂದ ರೇಡಿಯೊಗಳಲ್ಲೆಲ್ಲ ಇದು ಮಾಮೂಲಾಯಿತು. ನಮ್ಮ ಹಿರಿಯರು ಧಾರವಾಡ ಆಕಾಶವಾಣಿ ಕೇಳುತ್ತಿದ್ದ ಟ್ರಾನ್ಸಿಸ್ಟರಿನೊಳಗೂ ಈ ಕೈ ಇತ್ತು. ಅದು ಇದ್ದೂ ದನಿ ಮುಳುಗುತ್ತಿತ್ತು ಅಂದರೆ, ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ನೀವೇ ಯೋಚಿಸಿ.

ಅಂದರೆ ಯಂತ್ರ ತಾನಾಗಿ ವಾಲ್ಯೂಮ್ ಬದಲಿಸುವುದು ಹೊಸ ಚೇಷ್ಟೆಯಲ್ಲ. ಜನರಿಗೆ ಅನುಕೂಲವಾಗಲೆಂದು ಮಾಡಿದ ಹಳೇ ಏರ್ಪಾಡು.

ಕಾರು ಹತ್ತಿದ ರೇಡಿಯೊ

1930ರಲ್ಲಿ ಶಿಕಾಗೊದ ಪಾಲ್ ಗ್ಯಾಲ್ವಿನ್ ಎಂಬ ವ್ಯಾಪಾರಿ ತಮ್ಮ ಕಾರಿಗೆ ರೇಡಿಯೊ ಕೂಡಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮಾವೇಶಕ್ಕೆ ಹೋದರು. ಒಳಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ, ಹೋಗುವವರು ಬರುವವರಿಗೆಲ್ಲ ಹಾಡು ಕೇಳಿಸಿದರು. ಆ ರೇಡಿಯೊಗೆ ಇಟ್ಟ ಹೆಸರು ಮೊಟೊರೊಲಾ. ಮುಂದೆ ಕಂಪನಿಗೇ ಆ ಹೆಸರು ನಿಂತಿತು.

ಮನೆಯಲ್ಲಿ ರೇಡಿಯೊ ಕೂತಲ್ಲೇ ಇರುತ್ತದೆ. ಕಾರಿನಲ್ಲಿ ಹಾಗಲ್ಲ. ಗುಡ್ಡದ ಮರೆಗೆ ಹೋದರೆ, ಸೇತುವೆ ಕೆಳಗೆ ನುಗ್ಗಿದರೆ ಸಿಗ್ನಲ್ ಕುಸಿಯುತ್ತದೆ. ಅದನ್ನು ವೀಲರ್ ಉಪಾಯ ಮಟ್ಟಿಗೆ ಸಂಭಾಳಿಸಿತು. ಆದರೆ ಎಂಜಿನ್, ಟಯರ್, ಗಾಳಿಯ ಸದ್ದಿಗೆ ಅದು ಏನೂ ಮಾಡಲಾರದು. ಅದು ಅಳೆಯುವುದು ಆಂಟೆನಾಕ್ಕೆ ಬರುವ ಅಲೆಯನ್ನು. ಕಾರಿನೊಳಗೆ ಕೂತವರ ಕಿವಿಗೆ ಏನು ಬೀಳುತ್ತಿದೆ ಎಂಬುದು ಅದಕ್ಕೆ ತಿಳಿಯದು.

ಗದ್ದಲದಲ್ಲಿ ಮನುಷ್ಯ ಏನು ಮಾಡುತ್ತಾನೆ? ಟ್ರ್ಯಾಕ್ಟರ್ ಮೇಲೆ ಕೂತವರ ಜತೆ ಮಾತಾಡಿ ನೋಡಿ. ನಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ, ಎಂಜಿನ್ ಬಂದಾದ ಮೇಲೆ ನಾವು ಕೂಗುತ್ತಿದ್ದೆವೆಂದು ತಿಳಿಯುತ್ತದೆ. ಫ್ರಾನ್ಸಿನ ಕಿವಿ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಗುರುತಿಸಿ ಬರೆದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಗದ್ದಲ ಏರಿದಂತೆ ದನಿ ಏರಿಸುವ ಈ ಗುಣವನ್ನೇ ಎಂಜಿನಿಯರುಗಳು ಮುಂದೆ ಸ್ಟೀರಿಯೊಗೆ ಕಲಿಸಿದರು.

ಚಕ್ರದಿಂದ ಬಂದ ಸುದ್ದಿ

ಗದ್ದಲ ಎಷ್ಟಿದೆ ಎಂದು ಸ್ಟೀರಿಯೊಗೆ ಹೇಳುವವರು ಯಾರು? ಸುಲಭದ ದಾರಿ ಕಾರಿನ ವೇಗ. ವೇಗ ಹೆಚ್ಚಾದರೆ ಸದ್ದೂ ಹೆಚ್ಚು.

ಜರ್ಮನಿಯ ಒಟ್ಟೊ ಶುಲ್ಜ್ 1902ರಲ್ಲಿ ಪೇಟೆಂಟ್ ಪಡೆದ ಸ್ಪೀಡೋಮೀಟರಿನಲ್ಲಿ ತಿರುಗುವ ಕೇಬಲ್ ಒಂದು ಮುಳ್ಳನ್ನು ಆಡಿಸುತ್ತಿತ್ತು. ದಶಕಗಳ ಕಾಲ ಕಾರು, ಬೈಕುಗಳಲ್ಲಿ ಅದೇ ಪದ್ಧತಿ ನಡೆಯಿತು. ಕೇಬಲ್ ತಿರುಗುವುದನ್ನು ರೇಡಿಯೊ ಓದಲಾರದು. ಗೇರ್‌ಬಾಕ್ಸಿಗೆ ಸೆನ್ಸರ್ ಬಂದು, ಚಕ್ರ ತಿರುಗಿದಂತೆಲ್ಲ ಟಿಕ್ ಟಿಕ್ ಎಂದು ವಿದ್ಯುತ್ ಬಡಿತ ಕಳಿಸತೊಡಗಿದ ಮೇಲೆ ದಾರಿ ತೆರೆಯಿತು. ಆ ವೈರಿನ ಒಂದು ಕವಲು ಸ್ಟೀರಿಯೊಗೆ ಕೊಟ್ಟರೆ ಸಾಕು. ಜರ್ಮನರು ಇದನ್ನು ಗಾಲಾ ಎಂದು ಕರೆದರು. ವೇಗಕ್ಕೆ ತಕ್ಕ ವಾಲ್ಯೂಮ್ ಎಂಬ ಅರ್ಥದ ಅವರ ಉದ್ದ ಪದದ ಚಿಕ್ಕ ರೂಪ ಅದು. ಬೇರೆ ಕಡೆ ಎಸ್‌ವಿಸಿ, ಸ್ಪೀಡ್ ವಾಲ್ಯೂಮ್ ಎಂಬ ಹೆಸರು ಬಂದವು.

ಸ್ಟೀರಿಯೊ ಹಿಂದಿನ ಐಎಸ್‌ಒ ಎಂಬ ಚೌಕ ಕನೆಕ್ಟರ್ ನೋಡಿರಬಹುದು. ಅದರ ಎ ಬ್ಲಾಕಿನ 1ನೇ ಪಿನ್ನನ್ನು ಹಲವು ಕಂಪನಿಗಳು ಈ ವೇಗದ ವೈರಿಗೆ ಇಟ್ಟುಕೊಂಡವು. ಹುಡುಗ ಮುಟ್ಟಿಲ್ಲ ಅಂದದ್ದು ಇಂಥ ವೈರನ್ನೇ.

ಇದರ ಜತೆ ಇನ್ನೊಂದು ಬೆಳವಣಿಗೆಯೂ ನಡೆದಿತ್ತು. 1974ರಲ್ಲಿ ಪಶ್ಚಿಮ ಜರ್ಮನಿಯ ರೇಡಿಯೊದಲ್ಲಿ ಚಾಲಕರಿಗಾಗಿ ಎಆರ್‌ಐ ಎಂಬ ಏರ್ಪಾಡು ಬಂತು. ರಸ್ತೆ ಸುದ್ದಿ ಬಂದಾಗ ಸ್ಟೇಷನ್ ಗುಪ್ತ ಸಂಕೇತ ಕಳಿಸುತ್ತಿತ್ತು, ವಾಲ್ಯೂಮ್ ಇಳಿಸಿಟ್ಟಿದ್ದರೂ ಸ್ಟೀರಿಯೊ ದನಿ ಎತ್ತಿ ಸುದ್ದಿ ಕೇಳಿಸುತ್ತಿತ್ತು. ಇವತ್ತು ನಿಮ್ಮ ಸೆಟ್‌ನಲ್ಲಿ ಮ್ಯಾಪ್ ಮಾತಾಡುವಾಗ ಹಾಡು ತಗ್ಗುತ್ತದಲ್ಲ, ಅದೂ ಇದೇ ಜಾತಿಯ ಕೆಲಸ.

1986ರಲ್ಲಿ ಬಾಷ್ ಕಂಪನಿ ಕ್ಯಾನ್ ಬಸ್ ಎಂಬ ಪದ್ಧತಿ ಹೊರತಂದಿತು. ಅದರಲ್ಲಿ ಕಾರಿನ ಭಾಗಗಳೆಲ್ಲ ಎರಡೇ ವೈರಿನ ಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ವೇಗದ ಸುದ್ದಿಗೆ ಬೇರೆ ವೈರೇ ಬೇಡವಾಯಿತು.

ಆಕಾಶದಿಂದ ಬಂದ ವೇಗ

ಕಾಕಾ ಸೆಟ್‌ಗೆ ವೇಗದ ವೈರೂ ಇರಲಿಲ್ಲ, ಕ್ಯಾನ್ ಜೋಡಣೆಯೂ ಇರಲಿಲ್ಲ. ಹುಡುಗ ಬಿಚ್ಚಿ ತೋರಿಸಿದ, ಅವನು ಹೇಳಿದ್ದು ನಿಜ. ಹಾಗಾದರೆ ವೇಗ ಗೊತ್ತಾಗುವುದು ಹೇಗೆ?

ಡ್ಯಾಶ್‌ಬೋರ್ಡ್ ಮೇಲೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ ಅಂಟಿಸಿತ್ತು. ಅದು ಜಿಪಿಎಸ್ ಆಂಟೆನಾ. ಅಮೆರಿಕದ ಈ ಉಪಗ್ರಹ ವ್ಯವಸ್ಥೆ 1995ರಲ್ಲಿ ಪೂರ್ಣವಾಯಿತು. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿದ್ದುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದರು. ಆಮೇಲೆ ಫೋನಿನಲ್ಲೂ ಕಾರಿನ ಸೆಟ್‌ನಲ್ಲೂ ಅದರ ಬಳಕೆ ಹೆಚ್ಚಿತು. ದಾರಿ ತೋರಿಸುವ ಅದೇ ಡಬ್ಬಿ ಗಾಡಿಯ ವೇಗವನ್ನೂ ಹೇಳುತ್ತದೆ.

ಕಾಕಾ ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ, ಹುಡುಗ ಹಿಂದೆ. ಒಂದೇ ಹಾಡು ಹಚ್ಚಿ ನಲವತ್ತು, ಅರವತ್ತು, ಎಂಬತ್ತರಲ್ಲಿ ಕೇಳಿದೆವು. ದನಿ ಮೆಟ್ಟಿಲು ಹತ್ತಿದಂತೆ ಏರಿತು. ಗಾಡಿ ನಿಲ್ಲಿಸಿ ಜಿಪಿಎಸ್ ಆಂಟೆನಾದ ಪಿನ್ ಕಳಚಿ ಮತ್ತೆ ಓಡಿಸಿದೆವು. ಎಂಬತ್ತರಲ್ಲೂ ದನಿ ಇದ್ದಲ್ಲೇ ಇತ್ತು. ಮತ್ತೆ ಪಿನ್ ಸಿಕ್ಕಿಸಿ ಸೆಟ್ಟಿಂಗ್ಸ್ ತೆರೆದೆವು. ಸೌಂಡ್ ಪಟ್ಟಿಯ ಕೊನೆಯಲ್ಲಿ ಸ್ಪೀಡ್ ವಾಲ್ಯೂಮ್ ಎಂದಿತ್ತು, ಎದುರಿಗೆ ಹೈ. ಕಾರ್ಖಾನೆಯಿಂದಲೇ ಹಾಗೆ ಬಂದಿತ್ತು. ಆಫ್ ಮಾಡಿದೆವು. ಮುಗಿಯಿತು.

ನಿಮ್ಮ ಗಾಡಿಯಲ್ಲಿ ಹೀಗಾದರೆ

ಹೊಸ ಸೆಟ್ ಕೆಟ್ಟಿದೆ ಅನ್ನುವ ಮೊದಲು, ದನಿ ಯಾವಾಗ ಬದಲಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಉತ್ತರ ಅಲ್ಲೇ ಇರುತ್ತದೆ.

ವೇಗದ ಜತೆ ಏರಿಳಿದರೆ ಎಸ್‌ವಿಸಿ ಅಥವಾ ಸ್ಪೀಡ್ ವಾಲ್ಯೂಮ್ ಸೆಟ್ಟಿಂಗ್ ನೋಡಿ.

ಮ್ಯಾಪ್ ಮಾತಾಡುವಾಗ, ಫೋನ್ ಬಂದಾಗ, ರಿವರ್ಸ್ ಗೇರ್ ಹಾಕಿದಾಗ ತಗ್ಗಿದರೆ ಅದು ಬಹುತೇಕ ಸೆಟ್ಟಿಂಗೇ, ದೋಷವಲ್ಲ.

ಪ್ರತಿ ಸಲ ಗಾಡಿ ಚಾಲೂ ಮಾಡಿದಾಗ ವಾಲ್ಯೂಮ್, ಗಡಿಯಾರ ಎರಡೂ ಮೊದಲಿನ ಸ್ಥಿತಿಗೆ ಹೋದರೆ ವೈರಿಂಗ್ ನೋಡಿಸಿ. ಸೆಟ್ಟಿನ ಹಳದಿ ವೈರಿಗೆ ಸದಾ ಬ್ಯಾಟರಿ ಕರೆಂಟು ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಇವೆರಡು ಅದಲುಬದಲಾದರೆ ಸೆಟ್‌ಗೆ ನೆನಪು ನಿಲ್ಲುವುದಿಲ್ಲ.

ಸ್ಟೀರಿಂಗ್ ತಿರುಗಿಸುವಾಗ ಬದಲಾದರೆ ಸ್ಟೀರಿಂಗ್ ಮೇಲಿನ ಬಟನ್ ಅಥವಾ ಅದರ ವೈರು ಹಾದುಬರುವ ಸುರುಳಿಯ ಮೇಲೆ ಅನುಮಾನ. ಸೆಟ್ ಹಿಂದಿನಿಂದ ಆ ಬಟನ್ ವೈರು ಕಳಚಿ ನೋಡಿದರೆ ಗೊತ್ತಾಗುತ್ತದೆ. ಆದರೆ ಸ್ಟೀರಿಂಗ್ ಬುಡವನ್ನು ನೀವೇ ಬಿಚ್ಚಬೇಡಿ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ.

ಹಾಡಿನಿಂದ ಹಾಡಿಗೆ ಬದಲಾದರೆ ತಪ್ಪು ಹಾಡಿನ ಫೈಲಿನದು. ಬೇರೆ ಬೇರೆ ಕಡೆಯಿಂದ ಬಂದ ಫೈಲುಗಳ ದನಿ ಒಂದೇ ಮಟ್ಟದಲ್ಲಿರುವುದಿಲ್ಲ.

ಪರೀಕ್ಷೆ ಮಾಡುವಾಗ ಒಬ್ಬರು ಓಡಿಸಲಿ, ಇನ್ನೊಬ್ಬರು ಸೆಟ್ ನೋಡಲಿ.

ಅಂಗಡಿ ಮಾಲೀಕರಿಗೆ ನಾವು ಮೂವರೂ ಹೋಗಿ ತೋರಿಸಿದೆವು. ಅವರು ಸೆಟ್ಟಿಂಗ್ ಆನ್ ಮಾಡಿ, ಆಫ್ ಮಾಡಿ ನೋಡಿದರು. ಪಗಾರ ಕಟ್ ಇಲ್ಲ ಅಂದರು. ಈಗ ಸೆಟ್ ಕೂರಿಸಿದ ಮೇಲೆ ಆ ಹುಡುಗ ಗಿರಾಕಿಗೆ ಮೊದಲು ತೋರಿಸುವುದೇ ಆ ಸೆಟ್ಟಿಂಗ್.

ವಾರ ಬಿಟ್ಟು ಕಾಕಾ ಮತ್ತೆ ಫೋನ್ ಮಾಡಿದರು. "ತಮ್ಮಾ, ಹೈವೇದಾಗ ಹಾಡು ಸರಿ ಕೇಳ್ಸವಲ್ದು. ಅವತ್ತ ಬಂದ್ ಮಾಡಿದ್ದಲ್ಲಾ, ಅದನ್ನ ವಾಪಸ್ ಚಾಲೂ ಮಾಡೂದು ಹೆಂಗ?"

ಲೋ ಎಂದು ಇಟ್ಟುಕೊಳ್ಳಿ, ದವಾಖಾನೆ ಬಾಡಿಗೆ ಇದ್ದ ದಿನ ಆಫ್ ಮಾಡಿ ಅಂದೆ. ಈಗ ಹಾಗೇ ಮಾಡುತ್ತಾರೆ.