ಏರುಮಡಿಗೆ ಬೇಕಾಗುವ ಮಣ್ಣಿನ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಬಹುಭಾಗವು ಕಪ್ಪು ಎರೆ ಭೂಮಿಯಾಗಿರುತ್ತದೆ. ಎರೆ ಮಣ್ಣು ನೀರನ್ನು ಹೀರಿ ಹಿಗ್ಗುವುದರಿಂದ ಅದರಲ್ಲಿ ನೀರು ಬೇಗನೆ ಬಸಿಯುವುದಿಲ್ಲ. ಈರುಳ್ಳಿ ಅಥವಾ ಮೆಣಸಿನಕಾಯಿ ಸಸಿಗಳನ್ನು ಸಮತಟ್ಟಾದ ಮಡಿಗಳಲ್ಲಿ ಬೆಳೆಸಿದಲ್ಲಿ, ಒಂದೇ ಜೋರು ಮಳೆಗೆ ಬುಡ ಕೊಳೆತು ಸಾಯುವ ಸಂಭವವಿರುತ್ತದೆ. ಬೀಜದ ಖರ್ಚು ವ್ಯರ್ಥವಾಗುವುದಲ್ಲದೆ ನಾಟಿಯ ಕಾಲವೂ ಮೀರುತ್ತದೆ. ಆದುದರಿಂದ ಸುಮಾರು ಅರ್ಧ ಅಡಿ ಎತ್ತರದ ಏರುಮಡಿಗಳಲ್ಲಿ ಸಸಿ ಬೆಳೆಸುವುದು ಸೂಕ್ತ.

25 ಅಡಿ ಉದ್ದ, 4 ಅಡಿ ಅಗಲ ಹಾಗೂ ಅರ್ಧ ಅಡಿ ಎತ್ತರದ ಒಂದು ಮಡಿಯ ಗಾತ್ರ 50 ಘನ ಅಡಿ, ಅಂದರೆ ಅರ್ಧ ಬ್ರಾಸ್ (100 ಘನ ಅಡಿಗೆ ಒಂದು ಬ್ರಾಸ್). ಸಡಿಲ ಮಣ್ಣು ನೀರುಣಿಸಿದ ನಂತರ ಕುಸಿಯುವುದರಿಂದ ಐದನೇ ಒಂದು ಪಾಲು ಹೆಚ್ಚು ಸೇರಿಸಿ 60 ಘನ ಅಡಿ ಎಂದು ಹಿಡಿಯಬೇಕು. ಒಂದು ಎಕರೆ ಈರುಳ್ಳಿ ನಾಟಿಗೆ ಸುಮಾರು ಎರಡು ಗುಂಟೆ ಸಸಿಮಡಿ, ಅಂದರೆ ಇಂತಹ 22 ಮಡಿಗಳು ಬೇಕಾಗುತ್ತವೆ. ಈ ಲೆಕ್ಕದಂತೆ 13 ಬ್ರಾಸಿಗೂ ಹೆಚ್ಚು ಮಣ್ಣು ಬೇಕೆಂದು ತೋರುತ್ತದೆ. ಅನೇಕರು ಇಷ್ಟು ಮಣ್ಣನ್ನು ಹೊರಗಿನಿಂದ ಹೇರಿಸಿಕೊಳ್ಳಲು ಮುಂದಾಗುತ್ತಾರೆ. ಹೊಲದಲ್ಲಿ ಇದರ ಅವಶ್ಯಕತೆ ಇರುವುದಿಲ್ಲ.

ಮಡಿಯ ಎತ್ತರವನ್ನು ಹೊಲದ ಮೇಲ್ಮೈಯಿಂದಲ್ಲ, ಪಕ್ಕದ ಬಸಿಗಾಲುವೆಯ ತಳದಿಂದ ಅಳೆಯತಕ್ಕದ್ದು. ಎರಡು ಮಡಿಗಳ ನಡುವೆ ಒಂದೂವರೆ ಅಡಿ ಅಗಲದ ಕಾಲುವೆಯನ್ನು ನಾಲ್ಕೂವರೆ ಅಂಗುಲ ಆಳ ತೆಗೆದು, ಆ ಮಣ್ಣನ್ನು 4 ಅಡಿ ಅಗಲದ ಮಡಿಯ ಮೇಲೆ ಹರಡಿದಲ್ಲಿ ಮಡಿಯು ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚು ಏರುತ್ತದೆ. ಎರಡೂ ಸೇರಿ ಆರು ಅಂಗುಲ ಆಯಿತು. ಕಾಲುವೆಗಳ ನೀರು ಹೊಲದ ಹೊರಗೆ ಹರಿದುಹೋಗುವಂತಿರಬೇಕು. ಇಲ್ಲವಾದಲ್ಲಿ ಮಡಿ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ. ಹೊರಗಿನಿಂದ ತರಬೇಕಾದುದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮಾತ್ರ. ಒಂದು ಅಂಗುಲದ ಪದರಕ್ಕೆ ಮಡಿಯೊಂದಕ್ಕೆ ಸುಮಾರು 8 ಘನ ಅಡಿಯಂತೆ, 22 ಮಡಿಗಳಿಗೆ ಎರಡು ಬ್ರಾಸಿಗೂ ಕಡಿಮೆ ಸಾಕು.

ಮನೆಯಂಗಳದಲ್ಲಿ ಇಟ್ಟಿಗೆ ಕಟ್ಟಿ ಮಾಡುವ ಮಡಿಗೆ ಕಾಲುವೆಯ ಮಣ್ಣು ದೊರೆಯುವುದಿಲ್ಲವಾದ್ದರಿಂದ ಪೂರ್ಣ ಲೆಕ್ಕವೇ ಅನ್ವಯಿಸುತ್ತದೆ. ಒಳ ಅಳತೆ 6 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದಲ್ಲಿ 27 ಘನ ಅಡಿ. ಕುಸಿತ ಸೇರಿ ಸುಮಾರು 32. ಸಿಮೆಂಟಿನ ಖಾಲಿ ಚೀಲವೊಂದರಲ್ಲಿ ಸುಮಾರು ಒಂದೂಕಾಲು ಘನ ಅಡಿ ಹಿಡಿಯುವುದರಿಂದ 26 ಚೀಲಗಳು ಬೇಕಾಗುತ್ತವೆ. ಇದರಲ್ಲಿ ಮೂರನೇ ಒಂದು ಪಾಲು ಗೊಬ್ಬರವಿರಲಿ.

ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತರಿಸುವವರು ಟ್ರೈಲರಿನ ಒಳ ಅಳತೆಯನ್ನು ತಾವೇ ತೆಗೆದುಕೊಳ್ಳುವುದು ಒಳ್ಳೆಯದು. ಎಲ್ಲ ಟ್ರೈಲರುಗಳ ಗಾತ್ರ ಒಂದೇ ಆಗಿರುವುದಿಲ್ಲ. ಡೋಣಿ ನದಿಯ ದಂಡೆಯ ಮಣ್ಣಿನಲ್ಲಿ ಲವಣಾಂಶವಿರುವ ಸಾಧ್ಯತೆ ಇರುವುದರಿಂದ, ಅಲ್ಲಿಂದ ತರುವ ಮುನ್ನ ಮಣ್ಣು ಪರೀಕ್ಷೆ ಮಾಡಿಸತಕ್ಕದ್ದು. ಈರುಳ್ಳಿ ಸಸಿ ಲವಣವನ್ನು ಸಹಿಸುವುದಿಲ್ಲ. ಕೆರೆ ಹೂಳು ಬಳಸುವವರು ಕೆರೆಯ ಉಸ್ತುವಾರಿ ಹೊಂದಿರುವ ಕಚೇರಿಯಿಂದ ಮೊದಲು ಅನುಮತಿ ಪಡೆಯಬೇಕು. ಮಣ್ಣು ಪರೀಕ್ಷೆಯ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.